ವಿಲೀನ: ಕರ್ತೃ ನಾಪತ್ತೆ

ಸಂಡೂರು ಸಂಸ್ಥಾನ 1949ರ ಏಪ್ರಿಲ್ 1ರಂದು ಮದರಾಸು ಪ್ರಾಂತದಲ್ಲಿ ವಿಲೀನವಾಯಿತು.

ಈ ವಾಕ್ಯವನ್ನು ಹಳೆಯ ಕಾಲದ ವ್ಯಾಕರಣದ ಮೇಷ್ಟರೊಬ್ಬರ ಮುಂದಿಡಿ. ಕನ್ನಡಕ ಸರಿಮಾಡಿಕೊಂಡು ಅವರು ಕೇಳುವ ಮೊದಲ ಪ್ರಶ್ನೆ, ‘ಕರ್ತೃಪದ ಯಾವುದು?’ ಸಂಸ್ಥಾನ ಎಂದು ಹುಡುಗರು ಕೂಗುತ್ತಾರೆ. ಸರಿ. ಹಾಗಾದರೆ 160 ಚದರ ಮೈಲಿಯ ಆಸುಪಾಸಿನ ಒಂದು ಸೀಮೆ ತನ್ನ ಬೆಟ್ಟ, ಕಣಿವೆ, ನಾರಿಹಳ್ಳ, ಕುಮಾರಸ್ವಾಮಿ ಗುಡಿ, ಮ್ಯಾಂಗನೀಸು ಸಮೇತ ಒಂದು ಬೆಳಗ್ಗೆ ಎದ್ದು, ಯಾರೂ ಕರೆಯದೆ, ಯಾರೂ ತಳ್ಳದೆ, ತಾನಾಗಿ ಹೋಗಿ ಮದರಾಸಿನಲ್ಲಿ ಕರಗಿತು ಎಂದಾಯಿತು. ಗುಡ್ಡದ ಸಾಲುಗಳ ನಡುವೆ ಅಡಗಿ ಕುಳಿತ, ಒಳಗೆ ಬರಬೇಕಾದರೆ ಭೀಮಗಂಡಿಯನ್ನೋ ಓಬಳಗಂಡಿಯನ್ನೋ ನುಸುಳಿ ಬರಬೇಕಾದ ಸೀಮೆಗೆ ಸಮುದ್ರತೀರದ ಪಟ್ಟಣದ ಮೇಲೆ ಅಷ್ಟೊಂದು ಮೋಹ ಯಾವಾಗ ಹುಟ್ಟಿತೋ, ನಮ್ಮೂರು ಯಶವಂತನಗರದ ಯಾವ ಹಿರಿಯರೂ ನನಗೆ ಹೇಳಿದ್ದಿಲ್ಲ.

ಕಳೆದ ಶತಮಾನದ ನಡುವಿನ ಹತ್ತು ವರ್ಷ ಕನ್ನಡ ಪತ್ರಿಕೆಗಳು ಈ ಒಂದು ಪದದ ಮೇಲೆ ಸಂಸಾರ ನಡೆಸಿದವು ಎಂದರೆ ಉತ್ಪ್ರೇಕ್ಷೆ ಅನ್ನಬೇಡಿ. 1948ರ ಮಾರ್ಚಿನಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಮುಂಬಯಿ ಪ್ರಾಂತದಲ್ಲಿ ವಿಲೀನ. ಆ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನ. ಮರುವರ್ಷ ಸಂಡೂರು. 1953ರಲ್ಲಿ ಬಳ್ಳಾರಿ ಮೈಸೂರಿನಲ್ಲಿ ವಿಲೀನ. ನಡುನಡುವೆ ರಾಜಕೀಯ ಪಕ್ಷಗಳು ಒಂದರಲ್ಲೊಂದು ವಿಲೀನ. ರಾಜ ಗದ್ದುಗೆ ಬಿಟ್ಟರೂ ಅದೇ, ಸೈನ್ಯ ಗಡಿ ದಾಟಿದರೂ ಅದೇ, ತಾಲ್ಲೂಕು ಕೈ ಬದಲಾಯಿಸಿದರೂ ಅದೇ, ಸೋತ ಪಕ್ಷಕ್ಕೆ ಗೋಡೆಯ ಆಸರೆ ಬೇಕಾದರೂ ಅದೇ. ಹೈದರಾಬಾದಿನ ಪ್ರಕರಣದಲ್ಲಂತೂ ಟ್ಯಾಂಕು, ತೋಪು ಹಿಡಿದು ಸೈನ್ಯ ಒಳನುಗ್ಗಿದ್ದಕ್ಕೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಹೆಸರಿಟ್ಟರು. ಮಿಲಿಟರಿಯನ್ನು ಪೊಲೀಸರನ್ನಾಗಿ ಮಾಡಿದ ಭಾಷೆಗೆ, ನುಂಗಿದ್ದನ್ನು ಕರಗಿದ್ದನ್ನಾಗಿ ಮಾಡುವುದು ಯಾವ ಮಹಾ ಕೆಲಸ?

ಪದದ ಜಾಣತನ ಇರುವುದು ಅದರ ಬಾಲದಲ್ಲಿ. ‘ವಿಲೀನವಾಯಿತು’ ಎಂದರೆ ಬೆಳಗಾಯಿತು, ಸಂಜೆಯಾಯಿತು ಅಂದಹಾಗೆ; ಅದರಷ್ಟಕ್ಕೇ ಆದದ್ದು, ಯಾರ ಮೇಲೂ ದೂರಿಲ್ಲ. ‘ವಿಲೀನಗೊಂಡಿತು’ ಎಂದರೆ ತಾನೇ ಮನಸ್ಸು ಮಾಡಿ ಆದದ್ದು. ಸಂಸ್ಥಾನಕ್ಕೆ ಅಕಾಲ ವೈರಾಗ್ಯ ಬಂದಿರಬೇಕು. ‘ವಿಲೀನಗೊಳಿಸಲಾಯಿತು’ ಎಂದರೆ ಯಾರೋ ಮಾಡಿದ್ದಾರೆ, ಹೆಸರು ಕೇಳಬೇಡಿ. ಇನ್ನೊಂದು ರೂಪವೂ ಉಂಟು, ‘ವಿಲೀನಗೊಳಿಸಿದರು’. ಇಂಥವರು, ಇಂಥದ್ದನ್ನು, ಇಂಥದರಲ್ಲಿ. ವ್ಯಾಕರಣದಲ್ಲಿ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ಸುದ್ದಿಮನೆಯ ಬಾಗಿಲಲ್ಲಿ ಮಾತ್ರ ಇದನ್ನು ಒಳಗೆ ಬಿಟ್ಟವರು ಕಡಿಮೆ. ಸರ್ದಾರ್ ಪಟೇಲರ ಸಂಸ್ಥಾನ ಖಾತೆ 1947ರ ಜುಲೈನಲ್ಲಿ ಶುರುವಾಯಿತು. ಅದರ ಕಾರ್ಯದರ್ಶಿ ವಿ.ಪಿ. ಮೆನನ್ ಕರಾರುಪತ್ರ ಹಿಡಿದುಕೊಂಡು ಅರಮನೆಯಿಂದ ಅರಮನೆಗೆ ಅಲೆದರು. ಐನೂರಕ್ಕೂ ಹೆಚ್ಚು ಸಂಸ್ಥಾನಗಳು ಒಂದು ದೇಶವಾದವು. ಸಹಿ ಹಾಕಿಸಿದವರಿದ್ದಾರೆ, ಹಾಕಿದವರಿದ್ದಾರೆ, ಪೆನ್ನೂ ಇದೆ, ಕಾಗದವೂ ಇದೆ. 1956ರಲ್ಲಿ ಮೆನನ್ ಈ ಕಥೆಯನ್ನು ದಪ್ಪ ಪುಸ್ತಕ ಮಾಡಿ, ತಾವು ಮಾಡಿದ್ದನ್ನು ತಾವೇ ಮಾಡಿದ್ದು ಎಂದು ಒಪ್ಪಿಕೊಂಡರು. ಮಾಡಿದವರಿಗೆ ಇಲ್ಲದ ಸಂಕೋಚ ಬರೆದವರಿಗಿತ್ತು.

ಉಪಸಂಪಾದಕರ ಕಷ್ಟವೂ ಗೊತ್ತಿಲ್ಲದ್ದಲ್ಲ. ದಿಲ್ಲಿಯ ಸುದ್ದಿ ತಂತಿಯ ಮೇಲೆ ಇಂಗ್ಲಿಷಿನಲ್ಲಿ ಬರಬೇಕು, ಅರ್ಧರಾತ್ರಿಯ ಹೊತ್ತಿಗೆ ಕನ್ನಡವಾಗಬೇಕು, ಮೊಳೆ ಜೋಡಿಸುವವನು ಒಂದೊಂದೇ ಅಕ್ಷರ ಹೆಕ್ಕಿ ಕಟ್ಟಬೇಕು, ಮುಂಜಾನೆಯ ರೈಲು ಹಿಡಿಯಬೇಕು. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ಕ್ಕೂ, 1948ರ ಅಕ್ಟೋಬರಿನಲ್ಲಿ ಕಣ್ಣುಬಿಟ್ಟ ಬೆಂಗಳೂರಿನ ‘ಪ್ರಜಾವಾಣಿ’ಗೂ ಇದೇ ಪಾಡು. ಹಾಗಿರುವಾಗ ‘ವಿಲೀನ’ ಎಂಬುದು ದೇವರು ಕಳಿಸಿದ ಪದ. ಮೂರೇ ಅಕ್ಷರ, ಒಂದಕ್ಕೂ ಒತ್ತಿಲ್ಲ. ಒಂದು ಕಾಲಮ್ಮಿನ ತಲೆಬರಹದಲ್ಲಿ ಕೈಕಾಲು ಚಾಚಿ ಮಲಗುತ್ತದೆ. ಅದರ ಜಾಗದಲ್ಲಿ ‘ಸ್ವಾಧೀನ’ ಎಂದು ಹಾಕಿ ನೋಡಿ. ಮೊದಲ ಅಕ್ಷರಕ್ಕೇ ವ ಒತ್ತು, ಅರ್ಥಕ್ಕೂ ಒಂದು ಒತ್ತು. ಚರಿತ್ರೆಯ ಎಷ್ಟೋ ತೀರ್ಪುಗಳನ್ನು ಕೊಟ್ಟದ್ದು ಸಂಪಾದಕೀಯಗಳಲ್ಲ, ಮೊಳೆಪೆಟ್ಟಿಗೆಯ ಖಾನೆಗಳು ಎಂಬುದು ನನ್ನ ಗುಮಾನಿ. ಪುರಾವೆ ಕೇಳಿದರೆ ಒಗ್ಗಾಣಿ ತಿಂದು ಸುಮ್ಮನಾಗುತ್ತೇನೆ.

ಇದಕ್ಕಿಂತ ಹಿಂದಿನ ಕಾಲ ಒರಟು, ಆದರೆ ಮಾತು ನೇರ. 1817ರಲ್ಲಿ ಪೇಶ್ವೆಯ ಪರವಾಗಿ ಥಾಮಸ್ ಮನ್ರೋ ಸಂಡೂರಿಗೆ ದಂಡು ತಂದ. ಇಲ್ಲಿಯ ಅರಸರಾದ ಘೋರ್ಪಡೆ ಶಿವರಾವ್ ಗುಂಡು ಹಾರಿಸದೆ ಬಿಟ್ಟುಕೊಟ್ಟರು. ಮರುವರ್ಷದ ಹೊತ್ತಿಗೆ ಪೇಶ್ವೆಯೇ ಮುಳುಗಿದ್ದರಿಂದ ಮನ್ರೋ ಶಿಫಾರಸಿನ ಮೇಲೆಯೇ ಸಂಡೂರು ಹಿಂದಕ್ಕೆ ಬಂತು. ಆಗ ಜನ ಅಂದದ್ದು ವಶ ಮಾಡಿಕೊಂಡರು, ವಾಪಸು ಕೊಟ್ಟರು ಎಂದೇ ಇರಬೇಕು. ಕೊಂಡವನೂ ಕೊಟ್ಟವನೂ ಕಣ್ಣಿಗೆ ಕಾಣುವಂತಿದ್ದರಲ್ಲ. ವಶವಾದದ್ದು ವಾಪಸು ಬರಬಹುದು. ವಿಲೀನವಾದದ್ದನ್ನು ವಾಪಸು ಕೇಳುವ ಬಾಯಿಗೆ ಬೀಗ. ಕಾಫಿಯಲ್ಲಿ ಕದಡಿದ ಸಕ್ಕರೆಯನ್ನು ಯಾರು ಸೋಸಿ ಕೊಟ್ಟಾರು?

ಇಷ್ಟೆಲ್ಲ ಕರಗಾಟ ನಡೆದದ್ದು ಎಲ್ಲಿ ಎಂಬುದನ್ನೂ ನೋಡಬೇಕು. 1948ರ ಆರಂಭದಲ್ಲಿ ಹೊಸಪೇಟೆ, ಹಂಪಿ, ಕಂಪ್ಲಿ ಮದರಾಸಿನವು. ಹಂಪಿಯಿಂದ ಹರಿಗೋಲಿನಲ್ಲಿ ಹೊಳೆ ದಾಟಿದರೆ ಆನೆಗೊಂದಿ, ಅದು ನಿಜಾಮರ ಹೈದರಾಬಾದು. ದಕ್ಷಿಣಕ್ಕೆ ಗುಡ್ಡ ಹತ್ತಿಳಿದರೆ ಘೋರ್ಪಡೆಯವರ ಸಂಡೂರು. ಇನ್ನಷ್ಟು ಹೋದರೆ ಮೈಸೂರು ಒಡೆಯರ ಚಿತ್ರದುರ್ಗ. ನಾಲ್ಕು ಸರ್ಕಾರ, ಒಂದೇ ಜೋಳದ ರೊಟ್ಟಿ. ವಿಜಯನಗರದ ಅರಸರು ಒಂದೇ ಛತ್ರಿಯಡಿ ಆಳಿದ ನೆಲವನ್ನು ನಾಲ್ಕು ಜನ ಹಂಚಿಕೊಂಡಿದ್ದರು. ಅದನ್ನು ಮತ್ತೆ ಸೇರಿಸುವುದು ಒಳ್ಳೆಯ ಕೆಲಸವೇ. ನನ್ನ ತಕರಾರು ಸೇರಿಸಿದ್ದರ ಮೇಲಲ್ಲ. ಸೇರಿಸಿದವರ ಹೆಸರು, ಜನರನ್ನು ಕೇಳಿದ್ದಾರೋ ಇಲ್ಲವೋ ಎಂಬ ಪ್ರಶ್ನೆ, ಆಮೇಲೆ ಯಾರಿಗೆ ಏನು ಉಳಿಯಿತು ಎಂಬ ಲೆಕ್ಕ, ಈ ಮೂರನ್ನೂ ಒಂದು ಪದ ಮೂರಕ್ಷರದಲ್ಲಿ ಮುಚ್ಚಿಹಾಕಿದ್ದರ ಮೇಲೆ.

ನಮ್ಮೂರ ಹಿರಿಯರೊಬ್ಬರು ಇದನ್ನು ಯಾವ ಗೆಜೆಟಿಯರಿಗಿಂತಲೂ ಚೆನ್ನಾಗಿ ಹೇಳುತ್ತಾರೆ. ‘ನೋಡು ತಮ್ಮಾ, ನಮ್ಮಪ್ಪ ಹುಟ್ಟಿದ್ದು ಸಂಡೂರು ರಾಜ್ಯದಾಗ. ಅವನ ಲಗ್ನ ಆಗಿದ್ದು ಮದ್ರಾಸಿನಾಗ. ನಾನು ಹುಟ್ಟಿದ್ದು ಮೈಸೂರಾಗ. ನನ್ನ ಮಗ ಹುಟ್ಟಿದ್ದು ಕರ್ನಾಟಕದಾಗ. ನಾಕೂ ಇದಾ ಪಡಸಾಲ್ಯಾಗ.’ ಆ ಪಡಸಾಲೆ ಇದ್ದಲ್ಲೇ ಇದೆ. ಕಂಬಕ್ಕೆ ಒಂದು ಸಲ ಬಣ್ಣ ಬಳಿದದ್ದು ಬಿಟ್ಟರೆ ಅದಕ್ಕೆ ಯಾವ ಬದಲಾವಣೆಯೂ ಗೊತ್ತಿಲ್ಲ. ಹೊಲದ ಬದುವಿನ ವ್ಯಾಜ್ಯ ಹಿಡಿದು ಕೂತವರ ಕಥೆ ಇನ್ನೂ ಸ್ವಾರಸ್ಯ. ಸಂಸ್ಥಾನವಿದ್ದಾಗ ಅರಮನೆಯ ಕಚೇರಿ ಕಾಲ್ನಡಿಗೆಯಲ್ಲಿತ್ತು. 1949ರ ನಂತರ ಮೇಲ್ಮನವಿ ಹಾಕಬೇಕೆಂದರೆ ಮದರಾಸಿನ ಹೈಕೋರ್ಟು, ವಕೀಲರ ಇಂಗ್ಲಿಷು, ಊಟಕ್ಕೆ ಸಾಂಬಾರು. 1953ರ ನಂತರ ಬೆಂಗಳೂರು. 2008ರಲ್ಲಿ ಧಾರವಾಡದಲ್ಲಿ ಪೀಠ ಬಂದಮೇಲೆ ಧಾರವಾಡ. ಕೋರ್ಟುಗಳು ಊರು ಬದಲಾಯಿಸಿದವು, ರಾಜ್ಯಗಳು ಹೆಸರು ಬದಲಾಯಿಸಿದವು, ಬದುವಿನ ವ್ಯಾಜ್ಯವೊಂದೇ ಯಾವುದರಲ್ಲೂ ವಿಲೀನವಾಗದೆ ತನ್ನತನ ಉಳಿಸಿಕೊಂಡಿತು.

ಪದ ನಿಜವಾಗಿಯೂ ಒಪ್ಪುವ ಜಾಗ ಒಂದಿತ್ತು. 1945ರ ಫೆಬ್ರುವರಿಯಲ್ಲಿ ಮದರಾಸು, ಹೈದರಾಬಾದು ಎರಡೂ ಸರ್ಕಾರಗಳು ತಂತಮ್ಮ ದಡದಲ್ಲಿ ಅಡಿಗಲ್ಲು ಹಾಕಿ ಶುರುಮಾಡಿದ ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರ ಹೊತ್ತಿಗೆ ನೀರು ನಿಂತಿತು. ಹತ್ತಾರು ಹಳ್ಳಿಗಳು ಆ ನೀರಿನಲ್ಲಿ ಹೋದವು. ನಾರಾಯಣದೇವರಕೆರೆಯ ಮಂದಿ ಗಂಟುಮೂಟೆ ಕಟ್ಟಿಕೊಂಡು ಮರಿಯಮ್ಮನಹಳ್ಳಿಗೆ ಬಂದರು. ಮಣ್ಣಿನ ಗೋಡೆ, ಕಣಜ, ಹಗೇವು, ಎಲ್ಲ ಅಕ್ಷರಶಃ ನೀರಿನಲ್ಲಿ ಕರಗಿದವು. ಅದನ್ನು ಯಾರೂ ವಿಲೀನ ಅನ್ನಲಿಲ್ಲ, ‘ಮುಳುಗಡೆ’ ಅಂದರು. ಕರಗಿದ ಊರಿಗೆ ಮುಳುಗಡೆ, ಒಣನೆಲದಲ್ಲಿ ಗಟ್ಟಿಯಾಗಿ ನಿಂತಿದ್ದ ಸಂಸ್ಥಾನಕ್ಕೆ ವಿಲೀನ. ಅರಮನೆಗೆ ಒಂದು ನಿಘಂಟು, ಗುಡಿಸಲಿಗೆ ಇನ್ನೊಂದು.

ಇನ್ನು 1953. ಪೊಟ್ಟಿ ಶ್ರೀರಾಮುಲು ಉಪವಾಸ ಮಾಡಿ ಪ್ರಾಣಬಿಟ್ಟಮೇಲೆ ಆಂಧ್ರ ರಾಜ್ಯ ಕೊಡಲೇಬೇಕಾಯಿತು. ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳನ್ನು ಎರಡು ಪಾಲು ಮಾಡಿದರು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದವು ಮೈಸೂರಿಗೆ. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬ ಜಗಳ ಬಗೆಹರಿಸಲು ವಾಂಛೂ ವರದಿ ಸಾಲದೆ ಮಿಶ್ರಾ ಆಯೋಗ ಬರಬೇಕಾಯಿತು. ಕೊನೆಗೆ ಅಕ್ಟೋಬರ್ 1. ದಿನ ಒಂದೇ, ಕಾನೂನೂ ಒಂದೇ. ಆದರೆ ಆಂಧ್ರ ‘ಉದಯ’ವಾಯಿತು, ಬಳ್ಳಾರಿ ‘ವಿಲೀನ’ವಾಯಿತು, ಆದವಾನಿ ‘ಕೈಬಿಟ್ಟು ಹೋಯಿತು’. ಗಡಿಯಾಚೆಯ ತೆಲುಗು ಓದುಗರಿಗೂ ಪದ ಅದೇ. ತೆಲುಗಿನಲ್ಲಿ ವಿಲೀನಕ್ಕೆ ಕೊನೆಯಲ್ಲೊಂದು ಸೊನ್ನೆ ಹೆಚ್ಚು, ಅಷ್ಟೇ. ಬಳ್ಳಾರಿಯ ಬೀದಿಗಳಲ್ಲಿ ಎರಡು ಭಾಷೆಯವರು ತಿಂಗಳುಗಟ್ಟಲೆ ಕಿತ್ತಾಡಿದ್ದು ಆ ಸೊನ್ನೆ ಯಾರ ಪಾಲಿಗೆ ಎಂದು.

ಇಲ್ಲಿ ನಗುವುದನ್ನು ಒಂದು ಗಳಿಗೆ ನಿಲ್ಲಿಸಬೇಕು. ಬಳ್ಳಾರಿ ಮೈಸೂರಿಗೆ ಸೇರುವ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ದಾಳಿಗೆ ಸಿಕ್ಕಿ ಸತ್ತರು. ಏಕೀಕರಣದ ಹುತಾತ್ಮರ ಸಾಲಿನಲ್ಲಿ ಅವರ ಹೆಸರು ಇದೆ, ನವೆಂಬರ್ ಬಂದಾಗ ನೆನೆಯುವವರೂ ಇದ್ದಾರೆ. ಆದರೆ ಆ ಪುಟಗಳನ್ನು ಓದಿ ನೋಡಿ, ಕೊಂದವರ ಜಾಗದಲ್ಲಿ ಸಿಗುವುದು ‘ದುಷ್ಕರ್ಮಿಗಳು’. ಸತ್ತವರಿಗೆ ಹೆಸರಿದೆ, ಜಾತಿ ಇದೆ, ಊರಿದೆ. ಕೊಂದವರು ಬರೀ ಬಹುವಚನ. ಬಳ್ಳಾರಿ ವಿಲೀನವಾಯಿತು ಎಂಬ ತಣ್ಣನೆಯ ವಾಕ್ಯದೊಳಗೆ ಒಬ್ಬ ಬಡವನ ಹೆಣ ಬಿದ್ದಿದೆ ಎಂಬುದು ವಾಕ್ಯವನ್ನು ಎಷ್ಟು ಸಲ ಓದಿದರೂ ಗೊತ್ತಾಗುವುದಿಲ್ಲ.

ಅಷ್ಟಾಗಿಯೂ ಕರಗಿದ್ದು ಗಟ್ಟಿಯಾಗಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ ವರದಿ ಕೊಟ್ಟು, ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳು ಅಣೆಕಟ್ಟೆ ಸಮೇತ ಆಂಧ್ರಕ್ಕೆ ಹೋಗಲಿ ಎಂದಿತು. ಎರಡು ವರ್ಷದ ಕೆಳಗೆ ಒಂದು ಆಯೋಗ ಕರಗಿಸಿದ್ದನ್ನು ಇನ್ನೊಂದು ಆಯೋಗ ಸೋಸಲು ಹೊರಟಿತು. ಹಾಗೆ ಆಗಿದ್ದರೆ ಸಂಡೂರು ಮೈಸೂರಿನಲ್ಲಿ, ಸಂಡೂರಿನವರ ಸಂತೆಪೇಟೆ ಹೊಸಪೇಟೆ ಆಂಧ್ರದಲ್ಲಿ. ಯಶವಂತನಗರದವನು ಮಗಳ ಮದುವೆಗೆ ಸೀರೆ ತರಲು ಪರರಾಜ್ಯ ಪ್ರವಾಸ ಹೊರಡಬೇಕಿತ್ತು. ಜನ ಬೀದಿಗೆ ಇಳಿದರು, ದಿಲ್ಲಿ ಮನಸ್ಸು ಬದಲಾಯಿಸಿತು, 1956ರ ನವೆಂಬರ್ 1ರಂದು ಎಲ್ಲ ವಿಶಾಲ ಮೈಸೂರಿನಲ್ಲಿ ಉಳಿಯಿತು. ಆ ಹೊತ್ತಿಗೆ ಇನ್ನೊಂದು ತಮಾಷೆ ನಡೆದಿತ್ತು. ಹುಬ್ಬಳ್ಳಿ, ಧಾರವಾಡದ ಕಡೆ ಇದೇ ಕೆಲಸಕ್ಕೆ ‘ಏಕೀಕರಣ’ ಎಂಬ ಹಬ್ಬದ ಹೆಸರು. ಹಳೇ ಮೈಸೂರಿನಲ್ಲಿ ಒಲ್ಲೆ ಎನ್ನುತ್ತಿದ್ದ ಕೆಲವು ಮುಖಂಡರಿಗೆ ಅದೇ ಏಕೀಕರಣ ತಮ್ಮ ಸಂಪನ್ನ ಸಂಸ್ಥಾನವನ್ನು ಬರಗಾಲದ ಜಿಲ್ಲೆಗಳಲ್ಲಿ ಕರಗಿಸುವ ಸಂಚು. ಬೇಕಾದವರಿಗೆ ಏಕೀಕರಣ, ಬೇಡದವರಿಗೆ ವಿಲೀನ. ಮದುವೆ ಒಂದೇ, ಬೀಗರು ಎರಡು ಕಡೆ.

ಪತ್ರಿಕೆಯ ಇನ್ನೊಂದು ಪುಟದಲ್ಲಿ ಈ ಪದದ ನೆಂಟರಿಷ್ಟರು ವಾಸವಾಗಿದ್ದರು. ಅದು ನಿಧನವಾರ್ತೆಯ ಪುಟ. ಸಾಹಿತಿ ಸತ್ತರೆ ಪಂಚಭೂತಗಳಲ್ಲಿ ಲೀನ, ಸನ್ಯಾಸಿ ಸತ್ತರೆ ಬ್ರಹ್ಮಲೀನ, ನಮ್ಮ ಕಡೆಯ ಮಠದ ಸ್ವಾಮಿಗಳಾದರೆ ಲಿಂಗೈಕ್ಯ. ಮುಖಪುಟದಲ್ಲಿ ಸಂಸ್ಥಾನ ವಿಲೀನ, ಒಳಪುಟದಲ್ಲಿ ಸಂಸ್ಥಾನಿಕರ ದಿವಾನರು ಲೀನ. ಮುಖಪುಟದಲ್ಲಿ ಕರ್ನಾಟಕದ ಐಕ್ಯ, ಒಳಗೆ ಲಿಂಗೈಕ್ಯ. ಹಳ್ಳಿಯಲ್ಲಿ ಒಬ್ಬನೇ ಅಕ್ಷರಸ್ಥ ಪತ್ರಿಕೆ ಓದಿ ಹೇಳುತ್ತಿದ್ದ ಕಾಲ ಅದು. ಕೇಳಿದ ಮುದುಕಿಯರು ಸಂಡೂರಿಗೆ ಹನ್ನೊಂದನೇ ದಿನ ಮಾಡಿದ್ದರೆ ತಪ್ಪು ಅವರದಲ್ಲ.

ಪಕ್ಷಗಳ ವಿಲೀನಕ್ಕೆ ಒಂದು ಸಾಲು ಸಾಕು ಎಂದುಕೊಂಡಿದ್ದೆ, ಸಮಾಜವಾದಿಗಳು ಬಿಡುವುದಿಲ್ಲ. 1952ರಲ್ಲಿ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷ, ಸೋಷಲಿಸ್ಟ್ ಪಕ್ಷ ಎರಡೂ ವಿಲೀನವಾಗಿ ಪ್ರಜಾ ಸೋಷಲಿಸ್ಟ್ ಪಕ್ಷ. 1955ರಲ್ಲಿ ಲೋಹಿಯಾ ಹೊರಗೆ. 1964ರಲ್ಲಿ ಮತ್ತೆ ವಿಲೀನ, ಸಂಯುಕ್ತ ಎಂಬ ವಿಶೇಷಣ ಸಮೇತ. 1965ರಲ್ಲಿ ಸಂಯುಕ್ತದೊಳಗಿಂದ ಒಂದು ಗುಂಪು ಹೊರಗೆ. 1971ರಲ್ಲಿ ಮತ್ತೊಮ್ಮೆ ವಿಲೀನ. ಇವರ ವಿಲೀನವೇ ಸಾಚಾ ಅನ್ನಬೇಕು, ಏಕೆಂದರೆ ಅಲ್ಲಿ ಯಾರು ಯಾರನ್ನು ಯಾಕೆ ನುಂಗಲಾಗಲಿಲ್ಲ ಎಂಬುದನ್ನು ಅವರೇ ಪತ್ರಿಕಾಗೋಷ್ಠಿ ಕರೆದು ವಿವರಿಸುತ್ತಿದ್ದರು. ಈ ಒಡೆದು ಸೇರಿ ಒಡೆದ ಸಮಾಜವಾದಿಗಳೇ 1973ರಲ್ಲಿ ಸಂಡೂರಿಗೆ ಬಂದರು, ಭೂಹೋರಾಟಕ್ಕೆ. ಯಾಕೆ ಬಂದರು ಎಂಬಲ್ಲಿ ಇಡೀ ಕಥೆಯ ತಿರುಳಿದೆ.

ಸಂಸ್ಥಾನ ವಿಲೀನವಾಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಆದರೂ ಕುಮಾರಸ್ವಾಮಿ ದೇವಸ್ಥಾನದ ಇನಾಂ ಭೂಮಿಯನ್ನು ಉಳುವವರು ಗೇಣಿ, ಹಕ್ಕು ಎಂದು ಬಡಿದಾಡುತ್ತಲೇ ಇದ್ದರು. ರಾಜ್ಯ ಕರಗಿತ್ತು, ಇನಾಂ ಕರಗಿರಲಿಲ್ಲ. ಆ ಹೊತ್ತಿಗೆ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿ ಸಂಡೂರು ಮನೆತನದ ಎಂ.ವೈ. ಘೋರ್ಪಡೆ; ‘ಉಳುವವನೇ ಒಡೆಯ’ ಎಂದು ರಾಜ್ಯಕ್ಕೆಲ್ಲ ಸಾರಲು ಹೊರಟದ್ದೂ ಅದೇ ಸರ್ಕಾರ. ರಾಜಧನ 1971ರ ಸಂವಿಧಾನ ತಿದ್ದುಪಡಿಯಲ್ಲಿ ನಿಂತುಹೋಯಿತು, ನಿಜ. ಆದರೆ ರಾಜಧನ ನಂಬಿ ಕೂತವರು ಬೇರೆ ಸಂಸ್ಥಾನದವರು. ಇಲ್ಲಿ 1954ರಲ್ಲೇ ಅದೇ ಮನೆತನದ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತ್ತು. ಸಂಡೂರು ಮದರಾಸಿಗೆ ಹೋಗಿ, ಮೈಸೂರಿಗೆ ಬಂದು, ಕೊನೆಗೆ ಕರ್ನಾಟಕವಾದರೂ ಬೆಟ್ಟದೊಳಗಿನ ಅದಿರಿಗೆ ಒಡೆತನದ ಗೊಂದಲ ಬಂದದ್ದು ಕಡಿಮೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲೂ ಇದನ್ನೇ ಹೇಳಿದ್ದಾರೆ: ಉಪ್ಪು ನೀರಿನಲ್ಲಿ ವಿಲೀನವಾಗುತ್ತದೆ, ಕಬ್ಬಿಣದ ಪುಡಿ ತಳ ಸೇರುತ್ತದೆ. ಗುಂಡಾ ರೋಡಿನಿಂದ ಸ್ವಾಮಿಹಳ್ಳಿಗೆ ಹೋಗುವ ರೈಲುಹಾದಿಯಲ್ಲಿ ನಮ್ಮ ಯಶವಂತನಗರಕ್ಕೂ ಒಂದು ನಿಲ್ದಾಣವಿದೆ. ಅಲ್ಲಿ ಮನುಷ್ಯರಿಗಿಂತ ಅದಿರು ಓಡಾಡಿದ್ದೇ ಹೆಚ್ಚು. ಅದಿರು ಟಿಕೆಟ್ಟಿಗೆ ಸಾಲು ನಿಲ್ಲುವುದಿಲ್ಲ.

ಇಷ್ಟು ಹೇಳಿದಮೇಲೆ ಇನ್ನೊಂದು ಮಾತನ್ನು ನುಂಗಿಕೊಂಡರೆ ನಾನೂ ಆ ಉಪಸಂಪಾದಕನೇ ಆದೇನು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶದ ಘೋಷಣೆ 1936ರದ್ದು. ಸಂಡೂರಿನ ರಾಜರು ಕುಮಾರಸ್ವಾಮಿ ಗುಡಿಯ ಬಾಗಿಲನ್ನು ಹರಿಜನರಿಗೆ ತೆರೆದದ್ದು 1932ರಲ್ಲಿ. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದರು. ಇಂಥ ಒಳ್ಳೆಯ ಕೆಲಸದ ವಾಕ್ಯಕ್ಕೆ ಕರ್ತೃ ಚೆನ್ನಾಗಿಯೇ ಸಿಗುತ್ತಾನೆ ನೋಡಿ: ರಾಜರು ತೆರೆದರು. ‘ಗುಡಿ ತೆರೆಯಲ್ಪಟ್ಟಿತು’ ಎಂದು ಯಾರೂ ಬರೆಯುವುದಿಲ್ಲ. ಹಾರ ಹಾಕಿಸಿಕೊಳ್ಳುವ ಕೆಲಸಕ್ಕೆ ಕತ್ತು ಬೇಕಲ್ಲ.

1953ರ ವಿಲೀನಕ್ಕೆ ಉಪಸಂಹಾರ ಬಂದದ್ದು ಅರ್ಧಶತಮಾನ ಕಳೆದಮೇಲೆ, ಅದೂ ಯಾವ ಪತ್ರಿಕೆಯೂ ಆ ಹೆಸರಿಡದ ರೀತಿಯಲ್ಲಿ. ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಹೋದಾಗ ಬಳ್ಳಾರಿಯ ಗುಡ್ಡಗಳ ನಡುವೆ ಒಂದು ಅಂತರರಾಜ್ಯ ಗಡಿ ಹುಟ್ಟಿತ್ತು. ಆಯೋಗದ ಮೇಲೆ ಆಯೋಗ ಕೂತು, ನಕ್ಷೆ ಬಿಡಿಸಿ, ಜನ ಪ್ರಾಣ ಕೊಟ್ಟು ಎಳೆದ ಗೆರೆ. 2000ದ ದಶಕದಲ್ಲಿ ಚೀನಾಕ್ಕೆ ಅದಿರು ಬೇಕಾಯಿತು, ಬೆಲೆ ಏರಿತು, ಓಬಳಾಪುರದ ಕಡೆಯ ಗುಡ್ಡಗಳಲ್ಲಿ ಗಡಿಗುರುತುಗಳೇ ಅಳಿಸಿಹೋದವು ಎಂಬ ದೂರು ಕೋರ್ಟು ಹತ್ತಿತು. ಗೆರೆಯನ್ನು ಮತ್ತೆ ಹುಡುಕಿ ಕೊಡಿ ಎಂದು ಭಾರತೀಯ ಸರ್ವೇಕ್ಷಣಾ ಇಲಾಖೆಯನ್ನೇ ಕರೆಸಬೇಕಾಯಿತು. ಎರಡು ರಾಜ್ಯಗಳನ್ನು ಇಷ್ಟು ಪರಿಪೂರ್ಣವಾಗಿ ಒಂದು ಮಾಡುವುದು ಪಟೇಲರಿಗೂ ಆಗಿರಲಿಲ್ಲ. ಅಂಥ ಅಪ್ಪಟ ವಿಲೀನವನ್ನು ಪತ್ರಿಕೆಗಳು ‘ಗಡಿ ಒತ್ತುವರಿ’ ಎಂದು ಬರೆದವು. ಒತ್ತಕ್ಷರವಿರುವ ಪದ ಅಂತೂ ಅಚ್ಚಾಯಿತು.

ಈಗ ವಿಲೀನ ಎಂಬುದು ಬ್ಯಾಂಕಿನವರ ಪದ. 2017ರ ಏಪ್ರಿಲ್ 1ಕ್ಕೆ ಮೈಸೂರು ಬ್ಯಾಂಕು ಹೋಯಿತು, 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟು, ಕಾರ್ಪೊರೇಷನ್ನು ಎರಡೂ. ನಮ್ಮ ಕಡೆಯ ಗ್ರಾಮೀಣ ಬ್ಯಾಂಕಿನ ಜಾತಕ ಬೇರೆಯೇ ಇದೆ: ತುಂಗಭದ್ರಾ ಇದ್ದದ್ದು 2005ರಲ್ಲಿ ಪ್ರಗತಿ, ಪ್ರಗತಿ ಇದ್ದದ್ದು 2013ರಲ್ಲಿ ಪ್ರಗತಿ ಕೃಷ್ಣಾ, ಅದು 2019ರಲ್ಲಿ ಕರ್ನಾಟಕ, 2025ರ ಮೇ 1ಕ್ಕೆ ಇನ್ನೂ ದೊಡ್ಡ ಕರ್ನಾಟಕ. ಸಾಲಗಾರ ಮಾತ್ರ ಈಗಲೂ ‘ತುಂಗಭದ್ರಾ ಬ್ಯಾಂಕಿಗೆ ಹೋಗಿ ಬರ್ತೀನಿ’ ಅನ್ನುತ್ತಾನೆ. ಆದರೆ ವಾಣಿಜ್ಯ ಪುಟದವರು ಒಂದು ವಿಷಯದಲ್ಲಿ ಹಳಬರಿಗಿಂತ ಮೇಲು. ಅವರು ಬರೆಯುವುದು ‘ಸ್ವಾಧೀನ ಮತ್ತು ವಿಲೀನ’ ಎಂದು ಜೋಡಿಯಾಗಿ. ಹಲ್ಲು ಮೊದಲು, ಹೊಟ್ಟೆ ಆಮೇಲೆ.

ಕೂಡಿಸುವ ಚಪಲ ತೀರಿದ ಸರ್ಕಾರಗಳಿಗೆ ಒಡೆಯುವ ಚಪಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಕಲ್ಯಾಣ ಕರ್ನಾಟಕದ ಸವಲತ್ತಿಗಾಗಿ ಮತ್ತೆ ಬಳ್ಳಾರಿಗೆ ಬಂತು, ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆಗೆ ಅಂಟಿಕೊಂಡ ಸಂಡೂರು, ಕಂಪ್ಲಿ ಎರಡೂ ಬಳ್ಳಾರಿಯಲ್ಲೇ ಉಳಿದವು. ಹೀಗಾಗಿ ಯಶವಂತನಗರದವನು ಸಂತೆಗೆ, ಸಿನಿಮಾಕ್ಕೆ, ರೈಲಿಗೆ ಹೊಸಪೇಟೆಗೆ ಹೋಗುತ್ತಾನೆ, ಡಿ.ಸಿ. ಸಾಹೇಬರಿಗೆ ಅರ್ಜಿ ಕೊಡಬೇಕಾದರೆ ದೂರದ ಬಳ್ಳಾರಿಗೆ ಬಸ್ಸು ಹತ್ತುತ್ತಾನೆ.

ಕಳೆದ ಕೆಲವು ವರ್ಷದಿಂದ ಪದ ಮತ್ತೆ ಸಂಡೂರಿನ ಬೆಟ್ಟ ಹತ್ತುತ್ತಿದೆ. ಕುದುರೆಮುಖದಲ್ಲಿ ಬಾಗಿಲು ಹಾಕಿದ ಕೇಂದ್ರ ಸರ್ಕಾರದ ಅದಿರು ಕಂಪನಿ ನಮ್ಮ ದೇವದಾರಿ ಗುಡ್ಡದ ಮೇಲೆ ಕಣ್ಣಿಟ್ಟಿದೆ. 2024ರ ಜೂನಿನಲ್ಲಿ ಹೊಸ ಉಕ್ಕು ಸಚಿವರು ಆ ಕಡತಕ್ಕೆ ಸಹಿ ಹಾಕಿದರು, ರಾಜ್ಯದ ಅರಣ್ಯ ಸಚಿವರು ಜಾಗ ಕೊಡಬೇಡಿ ಎಂದರು, ಹೋಗುವ ಮರಗಳ ಲೆಕ್ಕ 99 ಸಾವಿರ ದಾಟುತ್ತದೆ ಎಂದು ಎಲ್ಲ ಪತ್ರಿಕೆಗಳೂ ಬರೆದವು. ಬೆಟ್ಟದ ದೇವರ ಹೆಸರು ಕುಮಾರಸ್ವಾಮಿ, ಉಕ್ಕು ಸಚಿವರ ಹೆಸರೂ ಕುಮಾರಸ್ವಾಮಿ. ಹರಕೆ ಯಾರಿಗೆ ಹೊರಬೇಕೆಂದು ಭಕ್ತರಿಗೇ ಗೊಂದಲ. ಇದರ ನಡುವೆ ಆ ಕುದುರೆಮುಖದ ಕಂಪನಿಯನ್ನು, ದೋಣಿಮಲೆಯಲ್ಲಿ ಮೊದಲೇ ತಳವೂರಿರುವ ಎನ್.ಎಂ.ಡಿ.ಸಿ.ಯಲ್ಲಿ ವಿಲೀನ ಮಾಡುವ ಮಾತೂ ಪತ್ರಿಕೆಗಳಲ್ಲಿ ಬಂದುಹೋಯಿತು.

ಆ ಸುದ್ದಿಯ ಹಾಳೆಯಲ್ಲೇ ಮಿರ್ಚಿ ಕಟ್ಟಿಕೊಡುತ್ತಿದ್ದ ಹೋಟೆಲಿನ ಅಕ್ಕನಿಗೆ ನಾನು ಅದನ್ನು ಓದಿ ಹೇಳಿದೆ. ಬಜ್ಜಿಯ ತಟ್ಟೆಯ ಮೇಲೆ ಕೂತ ಕೆಂಪು ದೂಳನ್ನು ಸೆರಗಿನಿಂದ ಬಡಿದು ಆಕೆ ಕೇಳಿದಳು, ‘ಅಲ್ಲಣ್ಣಾ, ಎರಡು ಕಂಪನಿ ಒಂದಾದ್ರ ಟಿಪ್ಪರ್ ಅರ್ಧ ಆಗ್ತಾವೇನು?’

ಹಾಳೆ ತಿರುಗಿಸಿ ನೋಡಿದೆ. ಆ ಬಗ್ಗೆ ಏನೂ ಬರೆದಿರಲಿಲ್ಲ.